ಮೂವತ್ತು ಮಾಳಿಗೆಯ ಬಿಯರ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜೋಳ ನೆನೆಹಾಕಿದ ಮನೆಗಳು ಮೂವತ್ತೋ ಮೂವತ್ತೆರಡೋ, ಪ್ರಯೋಗಾಲಯದ ಮೊದಲ ವರದಿ ಬಂದದ್ದು ಸೋಮವಾರವೋ ಗುರುವಾರವೋ, ಅದನ್ನು ಓದಿದಾಗ ನಾನು ಅತ್ತೆನೋ ಅಥವಾ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆನೋ, ಆಣೆ ಮಾಡಿ ಹೇಳಲಾರೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ನಮ್ಮ ಗುರುಗಳು ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಪಾಠ ಹೇಳಿದ್ದರು. ಇಬ್ಬರು ಸಾಕ್ಷಿಗಳಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ ಎಂಬುದು ಮದುವೆಯಾದ ಮೇಲೆ ತಿಳಿಯಿತು. ನಮ್ಮ ಮದುವೆಯ ಊಟಕ್ಕೆ ಮಾದಲಿ ಮಾಡಿದ್ದರು ಎಂದು ನಾನು, ಅಲ್ಲ ಬುಂದಿ ಎಂದು ನಮ್ಮ ಮನೆಯವರು, ಇಪ್ಪತ್ತೆರಡು ವರ್ಷಗಳಿಂದ ವಾದ ಮಾಡುತ್ತಿದ್ದೇವೆ. ಇಬ್ಬರೂ ಹೊಟ್ಟೆ ತುಂಬ ಉಂಡದ್ದು ಮಾತ್ರ ನಿಜ. ಈ ಜಗಳ ತೀರಲೆಂದೇ ನಾನು ದಿನಚರಿ ಬರೆಯುವ ಚಟ ಹಚ್ಚಿಕೊಂಡೆ. ಆದರೆ ದಿನಚರಿಯೂ ಭಾರಿ ಮೋಸದ ಸಾಕ್ಷಿ. ಹಾಲು ಒಡೆದ ದಿನದ ಬಗ್ಗೆ ಅರ್ಧ ಪುಟ ಬರೆದಿರುತ್ತೇನೆ. ನನ್ನ ನಾದಿನಿ ಗಿರಿಜಾ ಹದಿನಾಲ್ಕು ವರ್ಷದ ನೌಕರಿ ಬಿಟ್ಟು ತವರಿಗೆ ಬಂದ ದಿನ ಏನು ಬರೆದಿದ್ದೇನೆ ಎಂದು ತೆರೆದು ನೋಡಿದರೆ, "ಗಿರಿಜಾ ಬಂದಳು. ಸೆಕೆ" ಎಂದಷ್ಟೇ ಇದೆ.

ಗಿರಿಜಾ ದೂರದ ಊರಿನ ಒಂದು ಬಿಸ್ಕಿಟ್ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸದಲ್ಲಿದ್ದಳು. ಬೆಳಗ್ಗೆಯಿಂದ ಸಂಜೆಯವರೆಗೆ ಬಿಸ್ಕಿಟ್ ಮುರಿದು ಬಾಯಿಗೆ ಹಾಕಿಕೊಂಡು, ಸರಿ ಇದೆ ಅಥವಾ ಸರಿ ಇಲ್ಲ ಎಂದು ಬರೆಯುವ ಕೆಲಸ. ಬಂಧುಬಳಗದವರೆಲ್ಲ ಅವಳ ಭಾಗ್ಯ ಕಂಡು ಕರುಬುತ್ತಿದ್ದೆವು. ಅವಳೋ ವರ್ಷದಿಂದ ವರ್ಷಕ್ಕೆ ಇಳಿದು ಹೋಗುತ್ತಿದ್ದಳು. ಹೊಟ್ಟೆ ನೋವು, ಸುಸ್ತು. ಒಬ್ಬ ಡಾಕ್ಟರು ಗ್ಯಾಸ್ ಅಂದರು, ಇನ್ನೊಬ್ಬರು ಟೆನ್ಶನ್ ಅಂದರು, ಮೂರನೆಯವರು ಲಗ್ನ ಮಾಡಿಕೋ ಅಂದರು. ಕೊನೆಗೆ ಒಬ್ಬ ಪುಣ್ಯಾತ್ಮರು ಪರೀಕ್ಷೆ ಮಾಡಿಸಿ, ಗೋಧಿಯಲ್ಲೂ ಬಾರ್ಲಿಯಲ್ಲೂ ಇರುವ ಗ್ಲುಟೆನ್ ಎಂಬ ಅಂಟು ನಿನ್ನ ಕರುಳಿಗೆ ವೈರಿ, ಚಿಟಿಕೆಯಷ್ಟೂ ಮುಟ್ಟಬೇಡ ಎಂದರು. ಅಗಸನಿಗೆ ನೀರು ಮುಟ್ಟಬೇಡ ಎಂದ ಹಾಗಾಯಿತು. ನೌಕರಿ ಬಿಟ್ಟು ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಗೆ ಬಂದಳು. ನಮ್ಮ ಅತ್ತೆಯವರು ಮಾತ್ರ ಎಳ್ಳಷ್ಟೂ ಗಾಬರಿಯಾಗಲಿಲ್ಲ. "ಅದಕ್ಯಾಕ ಅಳ್ತೀ? ನಮ್ಮ ಮುತ್ಯಾ ಗೋಧಿ ಮುಖ ನೋಡ್ತಿದ್ದದ್ದು ಹೋಳಿಗಿ ದಿನ ಅಷ್ಟ. ರೊಟ್ಟಿ ತಿನ್ನು, ಗಟ್ಟಿ ಆಕ್ಕೀ" ಎಂದು ಹಿಟ್ಟು ನಾದಲು ಕುಳಿತರು.

ಎರಡು ತಿಂಗಳು ಬಿಳಿಜೋಳದ ರೊಟ್ಟಿ ತಿಂದು ಗಿರಿಜಾಳ ಗಲ್ಲಕ್ಕೆ ಬಣ್ಣ ಬಂತು. ಒಂದು ದಿನ ಮಧ್ಯಾಹ್ನ ಒಲೆಯ ಮುಂದೆ ಕುಳಿತಿದ್ದಾಗ, ಚಪಾತಿ ನೆನಪಾಗುವುದಿಲ್ಲವೇನು ಎಂದು ನಾನೇ ಕೇಳಿದೆ. "ಚಪಾತಿ ಇಲ್ರಿ ವೈನಿ. ಬಿಯರ್ ನೆನಪಾಕ್ಕೈತಿ" ಎಂದಳು. ಅತ್ತೆಯವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಹೈಸ್ಕೂಲಿನಲ್ಲಿ ಗಣಿತ ಹೇಳುವ ನಮ್ಮ ಮನೆಯವರು ಮೂಗಿನ ಮೇಲಿದ್ದ ಕನ್ನಡಕವನ್ನು ಹುಡುಕುತ್ತ ಹೊರಗೆ ಹೋದರು. "ತಿಂಗಳಿಗೊಮ್ಮೆ, ಗೆಳತ್ಯಾರ ಜೋಡಿ, ಒಂದ ಗ್ಲಾಸ್ ಬೇ" ಎಂದು ಗಿರಿಜಾ ತಾಯಿಗೆ ಸಮಜಾಯಿಷಿ ಕೊಟ್ಟಳು. ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, "ಅದಕ್ಕೂ ಗೋಧಿ ಹಾಕ್ತಾರೇನು?" ಎಂದರು. "ಬಾರ್ಲಿ ಹಾಕ್ತಾರ. ಅದ್ರಾಗೂ ಅದ ಅಂಟು." "ಹಂಗಾರ ಜೋಳ ಹಾಕಿ ಮಾಡು" ಎಂಬ ಮಾತು ಆಗ ಬಂತು. ಅದನ್ನು ಆಡಿದ್ದು ಅತ್ತೆಯೋ ನಾನೋ ಎನ್ನುವುದು ಇತ್ಯರ್ಥವಾಗಿಲ್ಲ. ಕೆಲಸ ಕೆಟ್ಟಾಗ ನಾವಿಬ್ಬರೂ ಆಡಿಲ್ಲ ಎನ್ನುತ್ತಿದ್ದೆವು, ಈಗ ಇಬ್ಬರೂ ನಾನೇ ಎನ್ನುತ್ತೇವೆ.

ಗಿರಿಜಾ ಹಟಗಾರ್ತಿ. ನಮ್ಮ ಭಾಗ್ಯನಗರದಲ್ಲಿ ತಲೆಕೂದಲು ತೊಳೆದು, ಬಾಚಿ, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುವ ಕಸುಬು ಇದೆ. ಅಂಥದೊಂದು ಹಳೆಯ ಶೆಡ್ಡನ್ನು ಹಿಡಿದು, ಹದಿನೈದು ದಿನ ಬಿಸಿನೀರು ಸುರಿದು, ಸುಣ್ಣ ಬಳಿದು, ಹಂಡೆ, ಪೀಪಾಯಿ ತಂದಿಟ್ಟಳು. ಓಣಿಯವರಿಗೆ ಅಷ್ಟೇ ಸಾಕಾಯಿತು. "ನಿಮ್ಮ ಬಾಟ್ಲಿಯೊಳಗ ಕೂದ್ಲಾ ಸಿಕ್ರ ಹೊಳ್ಳಿ ತಗೋತೀರೇನ್ರಿ?" ಎಂದು ಬೆಳಗೆದ್ದು ಕೇಳುವವರು. ಪರವಾನಗಿಗಾಗಿ ಅಬಕಾರಿ ಕಚೇರಿಗೆ ಅಲೆದು ಎರಡು ಜೊತೆ ಚಪ್ಪಲಿ ಸವೆಸಿ ಅದನ್ನೂ ತಂದಳು. ಸಾಣಾಪುರದ ಕೆರೆಯ ಹತ್ತಿರ ರೆಸಾರ್ಟ್ ಇಟ್ಟವರೊಬ್ಬರು, "ಗ್ಲುಟೆನ್ ಇಲ್ಲಂತ ಲ್ಯಾಬಿನ ಕಾಗದ ತರ್ರಿ ಮೇಡಂ, ನಮ್ಮಲ್ಲಿ ಬರೋ ಪ್ರವಾಸಿಗರಿಗೆ ಕೊಡೂಣು" ಎಂದರು. ಉಳಿದ ತೊಡಕು ಒಂದೇ. ಬಿಯರಿಗೆ ಬೇಕಾದ್ದು ಬರೀ ಜೋಳವಲ್ಲ, ಮೊಳಕೆ ಬರಿಸಿ ಬಿಸಿಲಲ್ಲಿ ಒಣಗಿಸಿದ ಜೋಳ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಷ್ಟು ಕಾಳು ಹರಡಲು ಶೆಡ್ಡಿನಲ್ಲಿ ಜಾಗವೂ ಇಲ್ಲ.

ಜಾಗ ಅತ್ತೆಯವರ ಕಣ್ಣಿಗೆ ಬಿತ್ತು. ನಮ್ಮ ಓಣಿಯಲ್ಲಿ ಮೂವತ್ತು ಮನೆ, ಮನೆಗೊಂದು ಮಾಳಿಗೆ, ಮಾಳಿಗೆಯ ಮೇಲೆ ಕೊಪ್ಪಳದ ಬಿಸಿಲು. "ಮಡಕಿಕಾಳು ಮೊಳಕಿ ಕಟ್ಟಾಕ ಬರ್ತೈತಿಲ್ಲೋ? ಇದೂ ಹಂಗ" ಎಂದರು. ಓಣಿಯ ಹೆಣ್ಣುಮಕ್ಕಳನ್ನು ಒಪ್ಪಿಸಲು ನಾನು ಸ್ವಉದ್ಯೋಗ, ಸಹಕಾರ, ಸ್ಥಳೀಯ ಧಾನ್ಯ ಎಂದೆಲ್ಲ ಮೂರು ಪುಟದ ಭಾಷಣ ಬರೆದುಕೊಂಡು ಹೋಗಿದ್ದೆ. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ, "ನಮ್ಮ ಗಿರಿಜಾ ಬಂದಾಳ. ಕೈ ಹಚ್ರಿ" ಎಂದರು. ಸಭೆ ಮುಗಿಯಿತು. ಎದುರುಮನೆಯ ಶಾಂತಕ್ಕ ಒಂದೇ ಒಂದು ಕರಾರು ಹಾಕಿದರು: "ಯಾರಾರ ಕುಡೀಲಿ, ನಮಗ್ಯಾಕ. ನಮ್ಮ ಮನಿ ಗಂಡಸರಿಗೆ ಮಾತ್ರ ಹನಿ ಸುದ್ದಾ ಕೊಡಬ್ಯಾಡವಾ." ಎಲ್ಲರೂ ಕೈ ಎತ್ತಿದರು. ತನ್ನ ಊರಿನ ಗಂಡಸರಿಗೆ ಮಾರುವುದಿಲ್ಲ ಎಂಬ ಷರತ್ತಿನ ಮೇಲೆ ಶುರುವಾದ ಬಿಯರ್ ಕಾರ್ಖಾನೆ ಬೇರೆಲ್ಲಾದರೂ ಇದೆಯೋ ಇಲ್ಲವೋ ತಿಳಿಯದು.

ಯಲಬುರ್ಗಾ ಕಡೆಯ ಎರೆಹೊಲದ ಜೋಳ ಬಂತು. ಮನೆಗೆ ಐದೈದು ಸೇರಿನಂತೆ, ಮುಚ್ಚಳವಿರುವ ಡಬ್ಬಿಗಳಲ್ಲಿ ನಂಬರು ಬರೆದು ಹಂಚಿದೆವು. ಒಂದನೆಯ ನಂಬರು ನಮ್ಮ ಮನೆಯದು. ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಒಡೆದ ಮೇಲೆ ಮಾಳಿಗೆಗೆ ಹಾಕಿ, ಒಣಗಿದ ಬೇರು ಉಜ್ಜಿ ಕೇರಿ, ಅದೇ ಡಬ್ಬಿಯಲ್ಲಿ ಶೆಡ್ಡಿಗೆ ತರಬೇಕು. ಗಿರಿಜಾಳ ಕಟ್ಟುನಿಟ್ಟು ಮಠದ ಮಡಿಯನ್ನೂ ಮೀರಿಸುವಂಥದು. ಊರ ಗಿರಣಿಯಲ್ಲಿ ಗೋಧಿಹಿಟ್ಟಿನ ಧೂಳು ಸೇರೀತೆಂದು ಬೇರೆಯದೇ ಸಣ್ಣ ಗಿರಣಿ. ಚಪಾತಿ ತಿಂದವರು ಕೈ ತೊಳೆಯದೆ ಹೊಸಿಲು ದಾಟುವಂತಿಲ್ಲ. ಜೇಬಿನಲ್ಲಿ ಬಿಸ್ಕಿಟ್ ಇಟ್ಟುಕೊಳ್ಳುವ ದುರಭ್ಯಾಸದ ನಮ್ಮ ಮನೆಯವರಿಗೆ ಪ್ರವೇಶವೇ ಇಲ್ಲ. ನನಗೆ ವಹಿಸಿದ್ದು ದಾಖಲೆಯ ಕೆಲಸ. ಡಬ್ಬಿ ಬಂದಾಗ ಮುಚ್ಚಳ ತೆಗೆದು ನೋಡುವುದು, ವಹಿಯಲ್ಲಿ ಗುರುತು ಹಾಕುವುದು. ನನ್ನ ಎಂ.ಎ. ಪದವಿ ಕೊನೆಗೂ ಉಪಯೋಗಕ್ಕೆ ಬಂತೆಂದು ಹೊಸ ಪೆನ್ನು ಕೊಂಡೆ.

ಮೊದಲ ಬಿಯರಿಗೆ ಹೊಂಬಣ್ಣ ಬಂತು. ಇಂಥ ಬಣ್ಣ ಜೋಳದಿಂದ ಹೇಗೆ ಬಂತು ಎಂದು ಗಿರಿಜಾಳೇ ಬೆರಗಾದಳು. ತಾನು ಬಾಯಿಗೆ ಹಚ್ಚುವ ಮೊದಲು ಪರೀಕ್ಷೆಯಾಗಲಿ ಎಂದು ಬಾಟಲಿಗಳನ್ನು ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಿದಳು. ವರದಿ ಬಂತು. ಗ್ಲುಟೆನ್ ಇದೆ. ಸ್ವಲ್ಪವಲ್ಲ, ಚೆನ್ನಾಗಿಯೇ ಇದೆ. ಅದೇ ವಾರ ಬಿಸ್ಕಿಟ್ ಕಾರ್ಖಾನೆಯಿಂದ ಫೋನು ಬಂತು: ನಿಮ್ಮ ಜಾಗ ಇನ್ನೂ ಖಾಲಿ ಇದೆ, ಯಾವಾಗ ಬರುತ್ತೀರಿ? ಗಿರಿಜಾ ನನ್ನ ಹತ್ತಿರ ಬಂದು ಕುಳಿತು, "ಇನ್ನೊಂದ ಸಲ ನೋಡ್ತೀನ್ರಿ ವೈನಿ. ಮತ್ತ ಹಿಂಗ ಬಂತಂದ್ರ ಹೋಗಿಬಿಡ್ತೀನಿ" ಎಂದಳು. ಎರಡು ತಿಂಗಳ ರೊಟ್ಟಿಯಿಂದ ಬಂದ ಗಲ್ಲದ ಬಣ್ಣ ಎರಡು ದಿನದಲ್ಲಿ ಇಳಿದಿತ್ತು. ಆ ಕಾರ್ಖಾನೆಗೆ ಅವಳು ಮತ್ತೆ ಹೋದರೆ ತಿರುಗಿ ಬರುವ ಹೊತ್ತಿಗೆ ಅವಳಲ್ಲಿ ಏನು ಉಳಿದಿರುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ನಾನು ಇತಿಹಾಸಕಾರ್ತಿಯ ಗತ್ತಿನಿಂದ ತನಿಖೆ ಶುರು ಮಾಡಿದೆ. ಮೊದಲ ಸಂಶಯ ಗೋಣಿಚೀಲಗಳ ಮೇಲೆ. ಎರಡನೆಯದು ಸಹಜವಾಗಿ ನಮ್ಮ ಮನೆಯವರ ಮೇಲೆ. "ಖರೆ ಹೇಳ್ರಿ, ಶೆಡ್ಡಿನ ಕಡೆ ಹೋಗಿದ್ರೇನು?" ಎಂದು ಊಟಕ್ಕೆ ಬಡಿಸುವ ಮೊದಲು ಕೇಳಿದೆ. ಹಸಿದ ಮನುಷ್ಯ ಸುಳ್ಳು ಹೇಳಲಾರ ಎಂಬುದು ನನ್ನ ಸಂಶೋಧನಾ ವಿಧಾನ. "ಹೋಗಿಲ್ಲ. ಮದುವಿ ಊಟಕ್ಕ ಬುಂದಿ ಮಾಡಿದ್ದು ಎಷ್ಟು ಖರೆನೋ, ಇದೂ ಅಷ್ಟ ಖರೆ" ಎಂದರು. ತನಿಖೆ ಇನ್ನಷ್ಟು ಗೊಂದಲಕ್ಕೆ ಬಿತ್ತು. ಅಷ್ಟರಲ್ಲಿ ಎರಡನೇ ಸಲದ ಡಬ್ಬಿಗಳು ಬಂದವು. ಶಾಂತಕ್ಕನ ಡಬ್ಬಿಯ ಮುಚ್ಚಳ ತೆಗೆದೆ. ಮೇಲೆ ಬೆಳ್ಳನೆಯ ಜೋಳ. ಎಂದಿನಂತೆ ಗುರುತು ಹಾಕಲು ಹೊರಟವಳು, ಪೆನ್ನು ಬರೆಯದೆ ಹೋದ್ದರಿಂದ ಅದನ್ನು ಝಾಡಿಸಲು ಕೈಯೆತ್ತಿದೆ. ಕೈ ತಗುಲಿ ಡಬ್ಬಿ ಹಾಸಿದ್ದ ಸೀರೆಯ ಮೇಲೆ ಬೋರಲಾಯಿತು. ಜೋಳವೆಲ್ಲ ಉರುಳಿ ಹೋದ ಮೇಲೆ ಕೊನೆಯಲ್ಲಿ ಬಿದ್ದದ್ದು ಒಂದು ಬೊಗಸೆ ಗೋಧಿ, ಒಂದು ಅಡಿಕೆ, ಒಂದು ಅರಿಶಿನ ಕೊಂಬು.

ಹೊಂಬಣ್ಣದ ಗುಟ್ಟು ಆಗ ತಿಳಿಯಿತು. ಮೊದಲ ಸಲ ಡಬ್ಬಿಗಳನ್ನು ನೇರ ಗಿರಣಿಯ ಬಾಯಿಗೆ ಬಗ್ಗಿಸಿದ್ದರಿಂದ ತಳದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಶಾಂತಕ್ಕಾ, ಇದೇನ್ರಿ?" ಎಂದೆ. ಶಾಂತಕ್ಕ ನನ್ನನ್ನೇ ಕನಿಕರದಿಂದ ನೋಡಿದರು. "ಅಲ್ಲವಾ, ಅಕಿ ಜೋಳ ಅಕಿಗೇ ಹೊಳ್ಳಿ ಕೊಟ್ರ ಬರೇ ಡಬ್ಬಿ ಕೊಟ್ಟಂಗ ಆಗೂದಿಲ್ಲೇನು? ತವರಿಗೆ ಬಂದ ಮಗಳ ಡಬ್ಬಿ. ನಮ್ದೂ ಒಂದ ಬೊಗಸಿ ಇರಬೇಕಲ್ಲ." "ಅಕಿಗೆ ಗೋಧಿ ಆಗೂದಿಲ್ಲಂತ ಗೊತ್ತಿಲ್ಲೇನ್ರಿ?" "ಗೊತ್ತೈತವಾ. ತಿನ್ನಾಕ ಅಲ್ಲ ಅದು, ಶಾಸ್ತ್ರಕ್ಕ. ಮಗಳಿಗೆ ಉಡಿ ತುಂಬೂಮುಂದ ಜೋಳ ಹಾಕಿ ಕಳಸ್ತಾರೇನು ಯಾರಾರ?" ತಳದಲ್ಲಿ ಯಾಕೆ ಇಟ್ಟಿರಿ ಎಂದರೆ, ಕೊಟ್ಟದ್ದು ಮೆರೆಸಬಾರದಂತೆ. ಒಂದೊಂದಾಗಿ ಉಳಿದ ಡಬ್ಬಿಗಳನ್ನೂ ಸುರಿದೆವು. ಎಲ್ಲದರ ತಳದಲ್ಲೂ ಗೋಧಿ. ಕೆಲವರಂತೂ ಪಾಪ, ಗಿರಿಜಾ ಸೊರಗಿದ್ದಾಳೆಂದು ಈ ಸಲ ಎರಡು ಬೊಗಸೆ ಹಾಕಿದ್ದರು. ಗಿರಿಜಾ ಆ ರಾಶಿಯ ನಡುವೆ ಕುಳಿತು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. "ಯಕ್ಕಾ, ನನ್ನ ಮ್ಯಾಲ ಇಷ್ಟ ಪ್ರೀತಿ ಮಾಡಬ್ಯಾಡ್ರಿ, ಸಾಯ್ತೀನಿ" ಎಂದಳು. "ಬಿಡ್ತು ಅನ್ನು!" ಎಂದು ಓಣಿಯೇ ಗದರಿತು.

ಬೊಗಸೆ ಹಾಕುವುದನ್ನು ನಿಲ್ಲಿಸಿ ಎಂದರೆ ಯಾರೂ ಕೇಳುವವರಲ್ಲ. ಮಗಳ ಉಡಿ ಬರಿದು ಮಾಡಿ ಕಳಿಸಿದ ಪಾಪ ಯಾರಿಗೆ ಬೇಕು? ಹಾದಿ ಹುಡುಕಿದವರು ಅತ್ತೆಯೇ. ಶೆಡ್ಡಿಗೆ ಬರೀ ಜೋಳ ಹೋಗಲಿ, ಉಡಿಯನ್ನು ನಮ್ಮ ಮನೆಯ ಪಡಸಾಲೆಯಲ್ಲಿಟ್ಟ ಮೊರಕ್ಕೆ ಹಾಕಿ, ಗಿರಿಜಾಳ ಪರವಾಗಿ ತಾಯಿಯಾದ ನಾನು ತಗೊಳ್ಳುತ್ತೇನೆ ಎಂದರು. ಎಲ್ಲರಿಗೂ ಒಪ್ಪಿಗೆಯಾಯಿತು. ಪರಿಣಾಮವಾಗಿ ನಮ್ಮ ಮನೆಯಲ್ಲಿ ಗೋಧಿಯ ಗುಡ್ಡೆ ಬಿದ್ದು, ಹೋಳಿಗೆ, ಹುಗ್ಗಿ, ಮಾದಲಿ ಎಂದು ನಾನೂ ನಮ್ಮ ಮನೆಯವರೂ ಉಂಡದ್ದೇ ಉಂಡದ್ದು. ಗಿರಿಜಾಳ ರೋಗಕ್ಕೆ ನನ್ನ ಹಳೆಯ ರವಿಕೆಗಳೆಲ್ಲ ಬಲಿಯಾದವು. ಮೂವತ್ತು ಮಾಳಿಗೆಗಳಲ್ಲಿ ಮತ್ತೆ ಜೋಳ ಹರಡಿತು, ಹೊಸದಾಗಿ ಹಂಡೆ ಕಾಯಿತು, ಬಾಟಲಿಗಳು ಹೈದರಾಬಾದಿಗೆ ಹೋದವು. ವರದಿ ಬರುವವರೆಗೆ ಗಿರಿಜಾಳ ಸೂಟ್‌ಕೇಸು ಮಂಚದ ಕೆಳಗಿನಿಂದ ಹೊರಗೆ ಬಂದು ಗೋಡೆಗೆ ಆತುಕೊಂಡು ನಿಂತಿತ್ತು. ನಾವೆಲ್ಲ ಅದನ್ನು ನೋಡದವರಂತೆ ಕಸ ಹೊಡೆಯುತ್ತಿದ್ದೆವು.

ವರದಿ ಬಂತು. ಇಲ್ಲ. ಗ್ಲುಟೆನ್ ಇಲ್ಲವೇ ಇಲ್ಲ. ಶೆಡ್ಡಿನ ಮುಂದೆ ಓಣಿಯ ಹೆಣ್ಣುಮಕ್ಕಳೆಲ್ಲ ನಿಂತಿರುವಾಗ ಗಿರಿಜಾ ಒಂದು ಗ್ಲಾಸ್ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದಳು. ಬಣ್ಣ ಈ ಸಲ ಮಜ್ಜಿಗೆಯಂತೆ ಮಂಕಾಗಿತ್ತು. ಮೂವತ್ತು ಮಂದಿ ಅವಳ ಮುಖ ಬಿಟ್ಟು ಹೊಟ್ಟೆಯನ್ನೇ ನೋಡುತ್ತಿದ್ದರು. ಮರುದಿನ ಮಧ್ಯಾಹ್ನದವರೆಗೂ ಒಬ್ಬರಾದ ಮೇಲೊಬ್ಬರು ಬಂದು, "ನೂಸ್ತೈತೇನವಾ?" ಎಂದು ಕೇಳಿಹೋದರು. ನೋಯಲಿಲ್ಲ. ಸಂಜೆ ಅವಳು ಕಾರ್ಖಾನೆಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಅತ್ತೆ ಬೆರಳು ಅದ್ದಿ ರುಚಿ ನೋಡಿ, "ಹುಳಿ ಅಂಬಲಿಗೆ ಇಷ್ಟು ಗದ್ದಲ ಎಬ್ಬಿಸೀರಿ" ಎಂದು ಬಾಯಿ ಮುಕ್ಕಳಿಸಿದರು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸಾಕ್ಷಿಯನ್ನು ಮುಚ್ಚಿಡಬಾರದಲ್ಲ. ಅಂದು ಡಬ್ಬಿಗಳನ್ನೆಲ್ಲ ಸುರಿದಾಗ ಎಲ್ಲದರಲ್ಲೂ ಗೋಧಿ ಇತ್ತು ಎಂದೆ. ಅದು ಪೂರ್ತಿ ನಿಜವಲ್ಲ. ಒಂದನೇ ನಂಬರಿನ ಡಬ್ಬಿ, ಅಂದರೆ ನಮ್ಮದು, ಅದರಲ್ಲಿ ಗೋಧಿ ಇರಲಿಲ್ಲ. ಬರೀ ಒಂದು ಅಡಿಕೆ ಇತ್ತು. ಮೊದಲ ವರದಿ ಬಂದ ಮೇಲೆ ನಮ್ಮ ಮನೆಯ ಯಾರೋ ಗೋಧಿ ಹಾಕುವುದನ್ನು ಸದ್ದಿಲ್ಲದೆ ಬಿಟ್ಟು, ಕೈ ತಡೆಯದೆ ಅಡಿಕೆಯನ್ನಷ್ಟೇ ಉಳಿಸಿಕೊಂಡಿದ್ದರು. ಗಿರಿಜಾ ನೋಡುವ ಮೊದಲೇ ನಾನದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಅಂದು ಅಷ್ಟು ದೊಡ್ಡ ಪಂಚಾಯ್ತಿಯಲ್ಲಿ ನಾನು ಮುಂದೆ ಒಂದು ಮಾತೂ ಆಡದೆ ಇದ್ದದ್ದು ಗಾಂಭೀರ್ಯದಿಂದಲ್ಲ. ನಮ್ಮ ಅಡುಗೆಮನೆಯಲ್ಲಿ ಡಬ್ಬಿ ಮುಟ್ಟುವವರು ಇಬ್ಬರೇ. ಗೋಧಿಯ ಪೀಪಾಯಿಯಲ್ಲಿ ನನ್ನ ಕೈ ಇಳಿದದ್ದು, ಕಾಳು ತಣ್ಣಗೆ ಬೆರಳ ಸಂದಿಯಲ್ಲಿ ಜಾರಿದ್ದು ನನಗೆ ನೆನಪಾದಂತಾಗುತ್ತದೆ. ಅದು ಆವತ್ತಿನದೋ, ಹುಗ್ಗಿ ಮಾಡಿದ ದಿನದ್ದೋ, ಶಾಂತಕ್ಕನ ಮಾತು ಕೇಳಿದ ಮೇಲೆ ಹುಟ್ಟಿಕೊಂಡದ್ದೋ ಗೊತ್ತಾಗುವುದಿಲ್ಲ. ದಿನಚರಿಯಲ್ಲಿ "ನಮ್ಮ ಡಬ್ಬಿ ಮೊದಲು ಕೊಟ್ಟೆವು" ಎಂದು ಬಹುವಚನದಲ್ಲಿ ಬರೆದುಕೊಂಡಿದ್ದೇನೆ. ಹೋದ ವಾರ, ಗಿರಿಜಾ ಸಾಣಾಪುರಕ್ಕೆ ಬಾಟಲಿಗಳ ಜೊತೆ ಹೋಗಿದ್ದಾಗ, ಜೋಳ ಹಸನು ಮಾಡುತ್ತಿದ್ದ ಅತ್ತೆಯವರ ಪಕ್ಕಕ್ಕೆ ಹೋಗಿ ಕುಳಿತೆ. ಅವರು ಮೊರ ತಿರುಗಿಸುತ್ತಲೇ ಇದ್ದರು. ಆಗ ನಾನು ಕೇಳಿದ ಪ್ರಶ್ನೆ ಇವತ್ತಿಗೂ ಇತ್ಯರ್ಥವಾಗದೆ ಹಾಗೇ ಇದೆ:

"ಅತ್ತಿ, ಖರೆ ಹೇಳ್ರಿ, ಮೊದಲ್ನೇ ಸಲ ನಮ್ಮ ಡಬ್ಬಿ ತಳಕ್ಕ ಗೋಧಿ ಹಾಕಿದಾಕಿ ನಾನೋ, ನೀವೋ?"