ಮುಳುಗಿದ ಜಪಾನಿ ಎದ್ದು ಬಂದದ್ದು

ಜಪಾನಿನವರು ಮಾಡಿದ ಅನ್ಯಾಯವನ್ನು ಚಿತ್ತಾಕುಲದ ಕಿಶನ ಈ ಜನ್ಮದಲ್ಲಿ ಕ್ಷಮಿಸುವವನಲ್ಲ. ಸಮುದ್ರದಲ್ಲಿ ಮುಳುಗಿ ಸತ್ತ ಹೀರೋನನ್ನು ಅವರು ಸಿನಿಮಾದ ಎರಡನೇ ಭಾಗದಲ್ಲಿ ಎಬ್ಬಿಸಿ ತಂದರು. ಅದೂ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ, ಅದೂ ಕಿಶನನ ಆಯಿ ಹೀರಾಳ ಕಣ್ಣೆದುರಿಗೆ.

ಕಿಶನನ ಅಪ್ಪ ಮಾದು ಮೀನಿಗೆ ಹೋದವನು ಮರಳಿರಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹೀರಾ ಮಾತ್ರ ಗಂಡ ಸತ್ತನೆಂದು ಒಪ್ಪಲಿಲ್ಲ. ರಾತ್ರಿ ಅವನ ಪಾಲಿನ ಅನ್ನ ಮುಚ್ಚಿಟ್ಟು, ಬೆಳಿಗ್ಗೆ ಅದನ್ನೇ ತಾನು ಉಂಡು, ಮೀನಿನ ಬುಟ್ಟಿ ಹೊತ್ತು ಕಾರವಾರದ ಪೇಟೆಗೆ ಹೋಗುತ್ತಿದ್ದಳು. ಮಹಾಲಯಕ್ಕೆ ಹಿರಿಯರಿಗೆಲ್ಲ ಬಾಳೆಲೆಯಲ್ಲಿ ಎಡೆ ಇಟ್ಟು ಕಾಗೆ ಕರೆಯುವ ಮನೆಯಲ್ಲಿ ಮಾದುವಿಗೆ ಮಾತ್ರ ಎಲೆಯಿಲ್ಲ. "ಬರೂ ಮನುಷ್ಯಂಗೆ ಎಡೆ ಇಡ್ತಾರಾ?" ಎಂದು ಊರ ಹಿರಿಯರ ಬಾಯಿ ಮುಚ್ಚಿಸುತ್ತಿದ್ದಳು.

ಆಗ ಕಿಶನನಿಗೆ ಒಂದು ದಿವ್ಯ ಉಪಾಯ ಹೊಳೆಯಿತು: ದುಃಖ ಮರೆಸಲು ಆಯಿಗೆ ಸಿನಿಮಾ ತೋರಿಸುವುದು. ಅವನು ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಹಾಗಾಗಿ ಕಬ್ಬಿಣದ ಕೈಯಿರುವ ಹೀರೋನ ಜಪಾನಿ ಸಿನಿಮಾ ಆರಿಸಿದ. (ತಾಯಿಗೆ ಭಕ್ತಿಚಿತ್ರ ತೋರಿಸಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ.) ಕೊನೆಯಲ್ಲಿ ಹೀರೋ ಒಂದು ಯಂತ್ರರಾಕ್ಷಸನನ್ನು ತಬ್ಬಿಕೊಂಡು ಸಮುದ್ರದ ತಳಕ್ಕೆ ಇಳಿದುಬಿಟ್ಟ. ಅವನ ಮುದಿ ತಾಯಿ ದಂಡೆಯಲ್ಲಿ ಕಾದಳು, ಕಾದಳು, ಆಮೇಲೆ ಒಂದು ದೀಪವನ್ನು ನೀರಿಗೆ ಬಿಟ್ಟಳು.

ಆ ದೀಪವನ್ನು ಹೀರಾ ಮರೆಯಲಿಲ್ಲ. ಆ ವರ್ಷದ ಮಹಾಲಯಕ್ಕೆ ಗಂಡನ ಹೆಸರಲ್ಲಿ ಎಲೆ ಹಾಕಿದಳು. ಪಕ್ಕದಲ್ಲಿ ಇನ್ನೊಂದು ಎಲೆ.

"ಇದು ಯಾರಿಗೆ, ಅತ್ತೆ?" ಸೊಸೆ ಗಂಗೂ ಕೇಳಿದಳು.

"ಆ ಜಪಾನಿಗೆ. ಅವನ ಆಯಿಗೆ ಕಾಗೆಗೆ ಇಡೂದು ಗೊತ್ತಿಲ್ಲ, ಪಾಪ."

ಅಂದಿನಿಂದ ಪ್ರತಿ ವರ್ಷ ಜಪಾನಿನ ವೀರನಿಗೆ ಚಿತ್ತಾಕುಲದಲ್ಲಿ ಅನ್ನ, ಬಂಗಡೆ ಸಾರು ತಪ್ಪಲಿಲ್ಲ. ಮುಚ್ಚಿಟ್ಟ ಅನ್ನದ ತಟ್ಟೆ ಕಾಣೆಯಾಯಿತು. ಮನೆಗೆ ಮನೆಯೇ ನೆಮ್ಮದಿಯ ಉಸಿರು ಬಿಟ್ಟಿತು.

ಹೀಗಿರಲು ಎರಡನೇ ಭಾಗ ಬಂತು. ಪೇಟೆಯಲ್ಲಿ ಪೋಸ್ಟರ್ ನೋಡಿದ ಹೀರಾ, "ಅವನ ಆಯಿ ಹೇಂಗಿದ್ದಾಳೆ ನೋಡ್ಕಂಡು ಬರ್ವ" ಎಂದು ಹಟ ಹಿಡಿದಳು.

ಗಂಗೂ ಗಂಡನನ್ನು ಅಡುಗೆಮನೆಗೆ ಕರೆದಳು. "ಬೇಡ ಮಾರಾಯ್ರೆ. ಎರಡನೇ ಭಾಗದಲ್ಲಿ ಸತ್ತವರೆಲ್ಲ ಬರ್ತಾರೆ. ಅಂವ ಬಂದ ಅಂದ್ರೆ ಅತ್ತೆ ಮಾವಂಗೆ ಕಾಯೂಕೆ ಸುರು ಮಾಡ್ತಾರೆ."

"ನಿಂಗೆ ಎಂತ ಗೊತ್ತು? ನಾ ಟ್ರೈಲರ್ ನೋಡಿದ್ದೆ. ಇದು ಅವನ ತಮ್ಮನ ಕತೆ" ಎಂದು ಕಿಶನ ಸರ್ವಜ್ಞನಂತೆ ತೀರ್ಪು ಕೊಟ್ಟ.

ತಮ್ಮ ಇದ್ದದ್ದು ನಿಜ, ಮಧ್ಯಂತರದವರೆಗೆ. ಜೊತೆಗೊಂದು ಮಾತಾಡುವ ಕಬ್ಬಿಣದ ನಾಯಿ. ಹೊಸ ರಾಕ್ಷಸ ಮೀನಿನ ಆಕಾರದವನು. "ಈ ಮೀನಿಗೆ ಕಿವಿರೇ ಇಲ್ಲ, ಉಸಿರು ಹೇಂಗೆ ಆಡ್ತದೆ?" ಎಂದು ಹೀರಾ ಗಟ್ಟಿಯಾಗಿ ಕೇಳಿದಳು, ಹಿಂದಿನ ಸಾಲಿನವರು ನಕ್ಕರು. ಮಧ್ಯಂತರ ಮುಗಿಯಿತು, ಸಮುದ್ರ ಬಿರಿಯಿತು, ಹೀರೋ ಎದ್ದು ಬಂದ. ತಲೆ ಬಾಚಿಕೊಂಡೇ ಬಂದ.

ಕಿಶನ ಚಟ್ಟನೆ ಎದ್ದು, ಆಯಿಗೆ ಪರದೆ ಕಾಣದಂತೆ ಅಡ್ಡ ನಿಂತ. "ಹೊಟ್ಟೆ ನೋವು, ಹೋಗ್ವ ಆಯಿ" ಎಂದ. ಕೂತುಕೊಳ್ಳುವಂತೆ ಇಡೀ ಟಾಕೀಸು ಅವನಿಗೆ ಬುದ್ಧಿ ಹೇಳಿತು. ಹೀರಾ ಕದಲಲಿಲ್ಲ. ಸಿನಿಮಾ ಮುಗಿಯುವವರೆಗೆ ಕಿಶನ ಮನಸ್ಸಿನಲ್ಲೇ ತಟ್ಟೆ ತಟ್ಟೆ ಅನ್ನ ಮುಚ್ಚಿಟ್ಟದ್ದನ್ನು ಕಂಡು ಬೆವರಿದ.

ಬಸ್ಸು ಕಾಳಿ ನದಿಯ ಸೇತುವೆ ಏರಿದಾಗ ಹೀರಾ ಬಾಯಿ ಬಿಟ್ಟಳು. "ಸುಳ್ಳು ಸಿನಿಮಾ. ಇಷ್ಟು ವರ್ಷ ನೀರಲ್ಲಿ ಇದ್ದಂವನ ಮೈಮೇಲೆ ಒಂದು ಚಿಪ್ಪು ಹತ್ತಿದ್ದಿಲ್ಲ. ಇದು ಅಂವ ಅಲ್ಲ. ಹಳೇ ಮೀನಿಗೆ ಐಸ್ ಹಾಕಿ ತಾಜಾ ಹೇಳಿ ಮಾರ್ದಂಗೆ."

"ಹಂಗಾರೆ ಎಡೆ?"

"ಇಡ್ತೆ. ಸತ್ತಂವ ಸತ್ತ. ನಿನ್ನ ಅಪ್ಪನೂ ಅಷ್ಟೇ."

ಕಿಶನನಿಗೆ ಬೆಟ್ಟ ಇಳಿಸಿದಷ್ಟು ಹಗುರವಾಯಿತು. ಗಂಗೂ ಸುಮ್ಮನೆ ಹೆದರಿಸಿದ್ದಳು. ತಾನು ಸಿನಿಮಾ ತೋರಿಸಿದ್ದೇ ಒಳ್ಳೆಯದಾಯಿತು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

"ಟಾಕೀಸಲ್ಲಿ ನೀ ಎಂತಕ್ಕೆ ಕಣ್ಣೀರು ಹಾಕ್ದೆ?" ಹೀರಾ ಕೇಳಿದಳು.

"ಸಿನಿಮಾ ಅಷ್ಟು ಕೆಟ್ಟದಾಗಿತ್ತು, ಆಯಿ."

"ಅಂವ ನೀರಿಂದ ಏಳೂವಾಗ ನೀ ನಂಗೆ ಅಡ್ಡ ನಿಂತಿದ್ದೆ. ಪರದೆ ಕಡೆ ತಿರುಗಿ 'ಅಪ್ಪ' ಅಂದೆ." ಅವಳು ಮಗನ ಕೈ ಹಿಡಿದುಕೊಂಡಳು. "ನಾ ಕಾಯೂದು ಬಿಟ್ಟು ಎಷ್ಟೋ ವರ್ಷ ಆಯ್ತು. ಈ ಸಲ ಎಡೆ ನೀನೇ ಇಡು, ಮಗಾ."

ತಾನು ಆಯಿಯನ್ನು ಕಾಪಾಡುತ್ತಿದ್ದೇನೆಂದು ತಿಳಿದಿದ್ದ ಕಿಶನನಿಗೆ ತುಂಬಿದ ಬಸ್ಸಿನಲ್ಲಿ ಮುಖ ಮುಚ್ಚಿಕೊಳ್ಳಲೂ ಜಾಗವಿರಲಿಲ್ಲ.

ಅಮಾವಾಸ್ಯೆಯ ದಿನ ಅಂಗಳದಲ್ಲಿ ಎರಡೂ ಎಲೆ ಇಟ್ಟು ಅವನೇ ಕಾಗೆ ಕರೆದ. ಕೊನೆಗೂ ಕಾಗೆ ಬಂತು, ಕತ್ತು ಓರೆ ಮಾಡಿ ನೋಡಿತು, ನೇರವಾಗಿ ಜಪಾನಿಯ ಬಂಗಡೆಗೆ ಬಾಯಿ ಹಾಕಿತು.

ಗಂಗೂ ಸೆರಗು ಬಾಯಿಗೆ ಒತ್ತಿಕೊಂಡಳು. ಕಿಶನನಿಗೆ ಮಾತ್ರ ನಗು ಬರಲಿಲ್ಲ. ಎಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಾಗೆಗೆ ಕೈಮುಗಿದ.

"ಅಂವ ವಾಪಸ್ ಬಂದಾಯ್ತು, ಮಾರಾಯ. ನಮ್ಮ ಅಪ್ಪ ಬರೂದಿಲ್ಲ. ಅವಂದು ಮೊದ್ಲು ತಿನ್ನು."