ವೈನಿಗೆ ನಾನು ಕೊಟ್ಟ ಅಂಕಗಳು

ಅಂಕ ಕೊಡುವ ಕೈಗೆ ನಿವೃತ್ತಿ ಎಂಬುದಿಲ್ಲ. ಅರವತ್ತು ತುಂಬಿದ ದಿನ ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರವೊಂದನ್ನು ಕೈಗಿತ್ತು ಮಾಸ್ತರನನ್ನು ಮನೆಗೆ ಕಳಿಸಬಹುದು. ಆದರೆ ಮೂವತ್ನಾಲ್ಕು ವರ್ಷ ಕೆಂಪು ಪೆನ್ನು ಕೂತು ಕೂತು ಅವನ ಬೆರಳಿನ ಮೇಲೆ ಮಾಡಿದ ತಗ್ಗನ್ನು ಯಾವ ಸರಕಾರವೂ ವಾಪಸು ಪಡೆಯಲಾರದು. ಹಾನಗಲ್ಲ, ಹಿರೇಕೆರೂರ, ಕೊನೆಗೆ ಶಿಗ್ಗಾಂವ, ಹೀಗೆ ಮೂರು ಊರಿನ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿದ ನಾನು, ನಿವೃತ್ತನಾದ ಮೊದಲ ವರ್ಷ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅಂಕ ಕೊಟ್ಟೆ. ಹೆದ್ದಾರಿ ಬಸ್ಸಿನ ಡ್ರೈವರುಗಳಿಗೆ ಕೊಟ್ಟೆ, ಮದುವೆಮನೆಯ ಸಿಹಿ ಮಾದಲಿಗೆ ಕೊಟ್ಟೆ, ಎದುರುಮನೆಯ ರಂಗೋಲಿಗೆ ಕೊಟ್ಟೆ. ಹೆಂಡತಿ ಗಿರಿಜೆಯ ಸಾರಿಗೆ ಒಮ್ಮೆ ನೂರಕ್ಕೆ ಐವತ್ತೆಂಟು ಕೊಟ್ಟು, "ಪಾಸ್ ಆಗೇತಲ್ಲ?" ಎಂದು ಸಮಾಧಾನವನ್ನೂ ಹೇಳಿದೆ. ಅವಳು ಸೌಟು ಕೆಳಗಿಟ್ಟು, "ಪಾಸಾದಾಕಿ ಮುಂದಿನ ಕ್ಲಾಸಿಗೆ ಹೋಗಬೇಕಲ್ಲರಿ? ಸಾರಿನ ಕ್ಲಾಸಿನ್ಯಾಗ ಇನ್ನ ನೀವ ಕುಂದರ್ರಿ" ಎಂದಳು. ಎರಡು ದಿನ ಆ ಕ್ಲಾಸಿನಲ್ಲಿ ನಾನೇ ಕೂತೆ. ಫಲಿತಾಂಶ ಪ್ರಕಟಿಸುವಂಥದ್ದಲ್ಲ.

ಇಂಥ ಹೊತ್ತಿನಲ್ಲಿ ನನ್ನ ಬಾಳಿಗೆ ವೈನು ಬಂತು. ನಮ್ಮದು ಲಿಂಗಪೂಜೆಯಾಗದೆ ನೀರೂ ಮುಟ್ಟದ ಮನೆತನ. ಬಾಟಲಿ ಎಂದರೆ ಒಂದೋ ಎಣ್ಣೆಯದು, ಇಲ್ಲವೇ ಕೆಮ್ಮಿನ ಔಷಧದ್ದು ಎಂದು ಮೂರು ತಲೆಮಾರು ನಂಬಿ ಬದುಕಿದವರು ನಾವು. ಆ ನಂಬಿಕೆಯನ್ನು ಅಲುಗಿಸಿದವನು ಚನ್ನವೀರ. ಹಿರೇಕೆರೂರಿನಲ್ಲಿ ನನ್ನ ಶಿಷ್ಯ. ಗಣಿತದಲ್ಲಿ ಮೂವತ್ತೆಂಟರ ಮೇಲೆ ಎಂದೂ ಹೋಗಲಿಲ್ಲ. ಈಗ ವಿಜಯಪುರದ ಕಡೆ ದ್ರಾಕ್ಷಿ ತೋಟ ಮಾಡಿ, ಸಣ್ಣದೊಂದು ವೈನಿನ ಕಾರ್ಖಾನೆಯನ್ನೂ ಹಾಕಿದ್ದಾನೆ. ಒಂದು ಮಧ್ಯಾಹ್ನ ಅವನು ಹಳೆಯ ಪೇಪರಿನಲ್ಲಿ ಸುತ್ತಿದ ಎರಡು ಬಾಟಲಿಗಳನ್ನು ನನ್ನ ಕಾಲ ಹತ್ತಿರ ಇಟ್ಟು ನಮಸ್ಕಾರ ಮಾಡಿದ.

"ಇದು ಸೆರೆ ಅಲ್ರಿ ಸರ್. ದ್ರಾಕ್ಷಿ ಹಣ್ಣಿನ ರಸ. ಒಂದೀಟು ವಯಸ್ಸಾಗೇತಿ, ಅಷ್ಟ."

"ವಯಸ್ಸು ನನಗೂ ಆಗೇತಿ. ನಾ ಕುಡಿಯೂದಿಲ್ಲ" ಎಂದೆ.

"ಕುಡೀಬ್ಯಾಡ್ರಿ. ಬರೇ ರುಚಿ ನೋಡಿ ಮಾರ್ಕ್ಸ್ ಹಾಕ್ರಿ. ನೀವು ಹಾಕಿದ ಮಾರ್ಕ್ಸಿಗೆ ಇವತ್ತಿನತನಕ ಎದರು ಮಾತಾಡಿದವರಿಲ್ಲ."

ಗಣಿತ ಬಾರದಿದ್ದರೂ ಹುಡುಗನಿಗೆ ಮನುಷ್ಯರ ಲೆಕ್ಕ ಚೆನ್ನಾಗಿ ಬರುತ್ತಿತ್ತು.

ಯಾವ ಕೆಲಸವನ್ನೂ ನಾನು ಅರೆಬರೆ ಮಾಡುವವನಲ್ಲ. ಧಾರವಾಡದ ಹಳೆಯ ಪುಸ್ತಕದಂಗಡಿಯಿಂದ ವೈನಿನ ಮೇಲಿನ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ತಂದೆ. ಹುಬ್ಬಳ್ಳಿಯಿಂದ ಉದ್ದ ಕಾಲಿನ ಗಾಜಿನ ಲೋಟಗಳು ಬಂದವು. ನೂರು ಪುಟದ ನೋಟ್‌ಬುಕ್ಕಿಗೆ ಕಂದು ಕಾಗದದ ರಟ್ಟು ಹಾಕಿ, ಗೆರೆ ಎಳೆದು ಕಾಲಮ್ಮು ಮಾಡಿದೆ: ಬಣ್ಣಕ್ಕೆ ಇಪ್ಪತ್ತು, ಮೂಗಿಗೆ ಮೂವತ್ತು, ನಾಲಿಗೆಗೆ ನಲವತ್ತು, ನಡತೆಗೆ ಹತ್ತು. ವೈನಿಗೆ ನಡತೆ ಎಲ್ಲಿಂದ ಬಂತು ಎಂದು ಕೇಳುವವರು, ಮುಚ್ಚಳ ತೆಗೆದ ಕೂಡಲೇ ಉಕ್ಕಿ ಧೋತರದ ಮೇಲೆ ಬೀಳುವ ಜಾತಿಯದನ್ನು ನೋಡಿಲ್ಲ. ಬಲ್ಲವರು ವೈನನ್ನು ನುಂಗುವುದಿಲ್ಲ, ಬಾಯಲ್ಲಿ ತಿರುಗಿಸಿ ಉಗುಳುತ್ತಾರೆ ಎಂದು ಪುಸ್ತಕ ಹೇಳಿತು. ಅದಕ್ಕಾಗಿ ಅವರು ಬಕೆಟ್ಟು ಇಟ್ಟುಕೊಳ್ಳುತ್ತಾರಂತೆ. ನಮ್ಮಲ್ಲಿ ಅಜ್ಜನ ಕಾಲದ ಹಿತ್ತಾಳೆಯ ಪೀಕದಾನಿಯೇ ಇತ್ತು. ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಪಕ್ಕದಲ್ಲಿಟ್ಟುಕೊಂಡಾಗ, ಉಗುಳುವ ವಿದ್ಯೆಯಲ್ಲಿ ಯುರೋಪಿಗಿಂತ ನಾವು ಮುಂದಿದ್ದೇವೆ ಎಂಬ ಅಭಿಮಾನದಿಂದ ನನ್ನ ಎದೆ ತುಂಬಿತು.

ಗಿರಿಜೆಯ ಷರತ್ತುಗಳು ಬೇರೆ ಇದ್ದವು. ಸೋಮವಾರ ಕೂಡದು, ಖಾಲಿ ಹೊಟ್ಟೆಯಲ್ಲಿ ಕೂಡದು, ಓಣಿಯ ಕಡೆಯ ಕಿಟಕಿ ತೆರೆಯಕೂಡದು. ಹೀಗಾಗಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಹಿಂದಿನ ಕೋಣೆಯಲ್ಲಿ, ನನ್ನ ಪರೀಕ್ಷಾ ಕೇಂದ್ರ ತೆರೆಯುತ್ತಿತ್ತು. ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ನಾಲಿಗೆ ಸ್ವಚ್ಛವಾಗಬೇಕು, ಅದಕ್ಕೆ ಒಣ ಬ್ರೆಡ್ಡು ತಿನ್ನಬೇಕು ಎಂದು ಪುಸ್ತಕದಲ್ಲಿತ್ತು. ಇಲ್ಲಿ ಮಾತ್ರ ನಾನು ಪುಸ್ತಕವನ್ನು ತಿದ್ದಿದೆ. ಬ್ರೆಡ್ಡು ನಮ್ಮ ಕಡೆ ಜ್ವರ ಬಂದವರ ಆಹಾರ. ಊಟವಾದ ಮೇಲೆ ಬಾಯಿ ಸ್ವಚ್ಛ ಮಾಡಲು ನಮ್ಮ ಹಿರಿಯರು ಕಂಡುಕೊಂಡದ್ದು ಎಲೆ ಅಡಿಕೆಯನ್ನು. ಅದರಲ್ಲೂ ಹತ್ತಿರದಲ್ಲೇ ಸವಣೂರು ಇರುವಾಗ, ಅಲ್ಲಿಯ ಎಲೆಯ ಹೆಸರು ನಾಡಿಗೆಲ್ಲ ಗೊತ್ತಿರುವಾಗ, ನಾನು ಬೇಕರಿಗೆ ಹೋಗಿ ನಿಲ್ಲಬೇಕೆ? ಒಂದು ಗುಟುಕು ವೈನು, ಪೀಕದಾನಿ, ಅಂಕ. ಆಮೇಲೆ ಸುಣ್ಣ ಹಚ್ಚಿ, ಲವಂಗ ಚುಚ್ಚಿದ ಒಂದು ಎಲೆ. ಮತ್ತೆ ಪೀಕದಾನಿ, ಮುಂದಿನ ಬಾಟಲಿ. ಮೊದಲ ಬಾಟಲಿಗೂ ಮುನ್ನ ಊಟದ ನಂತರದ ಎಲೆ ಇದ್ದೇ ಇರುತ್ತಿತ್ತು. ಅದನ್ನು ತಿನ್ನುವುದೆಂದು ನಾವು ಲೆಕ್ಕ ಹಿಡಿಯುವುದಿಲ್ಲ, ಉಸಿರಾಡಿದಂತೆ ಅದು.

ಮೂರು ವರ್ಷ ನಡೆಯಿತು ಈ ಸಾಧನೆ. ಎರಡು ನೋಟ್‌ಬುಕ್ಕು ತುಂಬಿದವು. ಅದರಿಂದ ಹೊರಬಂದ ಸಿದ್ಧಾಂತವೊಂದಿದೆ; ಹೇಳಲು ಈಗಲೂ ನನಗೆ ಹೆಮ್ಮೆ, ನಾಚಿಕೆ ಎರಡೂ ಆಗುತ್ತವೆ. ಈ ನಾಡಿನ ವೈನು ಕೆಂಪಿರಲಿ ಬಿಳಿಯಿರಲಿ, ಮೊದಲಿಗೆ ಲವಂಗದ ಸುಳಿವು, ನಡುವೆ ಒಂದು ಹಸಿರು ಖಾರ, ಕೊನೆಗೆ ಸುಣ್ಣದ ಗಡಸು, ಈ ಮೂರು ಗುಣಗಳು ತಪ್ಪದೆ ಇರುತ್ತವೆ! ಭೂಮಿಯೊಳಗಿನ ಸುಣ್ಣದ ಅಂಶವನ್ನು ಬಳ್ಳಿ ಹೀರಿ ಹಣ್ಣಿಗೆ ಕೊಡುತ್ತದೆ ಎಂದು ಕಾರಣವನ್ನೂ ನಾನೇ ಕಂಡುಹಿಡಿದೆ. ಫೋನಿನಲ್ಲಿ ಹೇಳಿದಾಗ ಚನ್ನವೀರ, "ಹೌದೇನ್ರಿ ಸರ್? ನನಗ ಒಮ್ಮಿನೂ ಲವಂಗ ಬಂದಿಲ್ಲಲ್ರಿ" ಎಂದ.

"ನಿನ್ನ ನಾಲಿಗಿ ಇನ್ನೂ ಮೂವತ್ತೆಂಟರಾಗ ಐತಿ" ಎಂದೆ. ಅವನು ಆ ಮೂರೂ ಗುಣಗಳನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡ.

ಈ ಕೀರ್ತಿ ಹೇಗೋ ಹುಬ್ಬಳ್ಳಿ ಮುಟ್ಟಿತು. ಅಲ್ಲಿ ವೈನು ತಯಾರಕರ ಮೇಳವೊಂದು ನಡೆಯುವುದಿತ್ತು. ತೀರ್ಪುಗಾರರು ಇಬ್ಬರು: ಒಬ್ಬರು ಬೆಂಗಳೂರಿನ ದೊಡ್ಡ ಹೋಟೆಲಿನ ತಜ್ಞರು, ಇನ್ನೊಬ್ಬರು ಹವ್ಯಾಸಿ. ಆ ಹವ್ಯಾಸಿ ನಾನು. ನನ್ನ ಹೆಸರಿನ ಕೆಳಗೆ 'ಗೌರವ ತೀರ್ಪುಗಾರರು' ಎಂದು ಅಚ್ಚಾದ ಕಾರ್ಡು ಬಂತು. ಗಿರಿಜೆ ಅದನ್ನು ಎರಡು ಸಲ ಓದಿ, ಹಾನಗಲ್ಲದ ಅಕ್ಕನಿಗೆ ಫೋನು ಮಾಡಿ, "ಹುಬ್ಬಳ್ಳ್ಯಾಗ ಹಣ್ಣಿನ ಪ್ರದರ್ಶನಕ್ಕ ಇವರನ್ನ ಜಡ್ಜ್ ಮಾಡ್ಯಾರವಾ" ಎಂದಳು. ಆಮೇಲೆ ನನ್ನ ಕರಿ ಕೋಟನ್ನು ಹೊರತೆಗೆದು ಬಿಸಿಲಿಗೆ ಹಾಕಿದಳು. ಐವತ್ತೆಂಟು ಅಂಕದ ಗಾಯ ಆವತ್ತು ಮಾಯ್ದಿರಬೇಕು.

ಮೇಳಕ್ಕೆ ಎರಡು ದಿನ ಮುಂಚೆ ಎಲೆ ತರಲೆಂದು ಸವಣೂರಿಗೆ ಹೋದೆ. ಎಲೆ ವ್ಯಾಪಾರಿ ಮೌಲಾಸಾಬರು ನನಗೆ ಹಳೆಯ ಪರಿಚಯ. ಒದ್ದೆ ಗೋಣಿಚೀಲದ ಕೆಳಗಿನ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದವರು, "ಬರ್ರಿ ಮಾಸ್ತರ್ರ, ಕುಂದರ್ರಿ" ಎಂದು ಸರಿದು ಜಾಗ ಕೊಟ್ಟರು. ನಾಲ್ಕು ಕಟ್ಟು ಎಲೆ ಕೇಳಿದೆ.

"ಈ ಪರಿ ಎಲಿ ಯಾಕ್ರಿ? ಮನ್ಯಾಗ ಮದಿವಿ ಐತೇನು?"

ಸಂದರ್ಭ ಒದಗಿತೆಂದು ನಾನು ಕಾರ್ಡು ತೆಗೆದು ತೋರಿಸಿದೆ. ನನ್ನ ಪದ್ಧತಿಯನ್ನೂ ವಿವರಿಸಿದೆ. ಅವರು ನೀರಿನ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ನೆಟ್ಟಗೆ ನನ್ನನ್ನೇ ನೋಡಿದರು.

"ಅಂದ್ರ ಎಲಿ ಹಾಕ್ಕೊಂಡು, ಮ್ಯಾಲೆ ಅದರ ರುಚಿ ನೋಡ್ತೀರಿ?"

"ಎಲಿ ಬಾಯಿ ತೊಳ್ಯಾಕರಿ ಸಾಹೇಬ್ರ."

"ಮಾಸ್ತರ್ರ, ನಾ ಆ ವಸ್ತು ಮುಟ್ಟಿದಾಂವಲ್ಲ, ಅದರ ವಾಸನಿನೂ ನನಗ ಗೊತ್ತಿಲ್ಲ. ಆದರ ಎಲಿ ಗೊತ್ತೈತಿ. ಮುಂಜಾನೆ ತ್ವಾಟದಾಗ ಎಲಿ ರುಚಿ ನೋಡಿ ಖರೀದಿ ಮಾಡೂ ಮುಂದ ನಾ ಚಾ ಸೈತ ಕುಡದಿರೂದಿಲ್ಲ. ಒಂದು ತ್ವಾಟದ ಎಲಿ ನೋಡಿದ ಮ್ಯಾಲೆ ಇನ್ನೊಂದು ನೋಡಾಕ ತಾಸೊತ್ತು ಬಿಡ್ತೇನಿ. ಎಲಿ ಬಾಯಿ ತೊಳ್ಯೂದಿಲ್ರಿ. ಬಾಯಾಗ ಮನಿ ಮಾಡ್ತೈತಿ."

ಮಾತಿಗೆ ನಿಲ್ಲದೆ ಅವರು ಒಂದು ಎಲೆ ಆರಿಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಲವಂಗ ಚುಚ್ಚಿ ನನ್ನ ಕೈಗೆ ಕೊಟ್ಟರು. ಅಗಿದು ಉಗುಳಿದೆ. ಗಡಿಗೆಯಿಂದ ಒಂದು ಲೋಟ ನೀರು ತೆಗೆದು ಮುಂದಿಟ್ಟು, "ಈಗ ಇದಕ್ಕ ಮಾರ್ಕ್ಸ್ ಹಾಕ್ರಿ" ಎಂದರು.

ಗುಟುಕು ತೆಗೆದುಕೊಂಡೆ. ರೂಢಿಯಂತೆ ಬಾಯಲ್ಲಿ ತಿರುಗಿಸಿದೆ, ರೂಢಿಯಂತೆ ಕಣ್ಣು ಮುಚ್ಚಿದೆ. ಮೊದಲಿಗೆ ಲವಂಗದ ಸುಳಿವು ಬಂತು. ನಡುವೆ ಹಸಿರು ಖಾರ. ಕೊನೆಗೆ, ನಿಧಾನವಾಗಿ, ಸುಣ್ಣದ ಗಡಸು. ನನಗೆ ತಿಳಿಯುವ ಮೊದಲೇ ನನ್ನ ಬಾಯಿ, "ಅರವತ್ತೆಂಟು" ಎಂದುಬಿಟ್ಟಿತು.

ಮೌಲಾಸಾಬರು ಪಕ್ಕದ ಖಾರದ ಅಂಗಡಿಯ ಕಡೆ ಕೊರಳು ಚಾಚಿ ಕೂಗಿದರು: "ಕೇಳಿದ್ರೇನಪಾ! ನಮ್ಮೂರ ನಳದ ನೀರು ಫಸ್ಟ್ ಕ್ಲಾಸಿನ್ಯಾಗ ಪಾಸಾತು!"

ಸವಣೂರಿನಿಂದ ಶಿಗ್ಗಾಂವದ ದಾರಿ ಆವತ್ತು ಮುಗಿಯಲೇ ಇಲ್ಲ. ಮನೆಗೆ ಬಂದವನೇ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ, ಎರಡು ತಾಸು ಏನೂ ತಿನ್ನದೆ ಕೂತು, ಮೂರು ಬಾಟಲಿ ತೆರೆದು ನೋಡಿದೆ. ದ್ರಾಕ್ಷಿ ಇತ್ತು, ಹುಳಿ ಇತ್ತು, ಸ್ವಲ್ಪ ಒಗರು ಇತ್ತು. ಲವಂಗ ಎಲ್ಲಿಯೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಿರಿಜೆಗೆ ವಿಷಯ ಹೇಳಿದೆ. "ಹಂಗಾರ ಮೂರು ವರ್ಷ ಎಲಿ ಅಡಕಿಗೆ ಮಾರ್ಕ್ಸ್ ಕೊಟ್ರಿ ಅನ್ರಿ" ಎಂದವಳು, ಬಹಳ ಮೆತ್ತಗಿನ ದನಿಯಲ್ಲಿ, "ನನ್ನ ಸಾರಿನ ಪೇಪರೂ ಒಮ್ಮೆ ತಗದ ನೋಡ್ರಿ" ಎಂದಳು.

ನಾನು ಹಟಮಾರಿ ಇರಬಹುದು, ಅಪ್ರಾಮಾಣಿಕನಲ್ಲ. ಕೂಡಲೇ ಚನ್ನವೀರನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ತೀರ್ಪುಗಾರನ ಕುರ್ಚಿ ನನಗೆ ಬೇಡ, ಬೇರೆ ಯಾರನ್ನಾದರೂ ಕರೆಸಲಿ ಎಂದೆ.

"ಸರ್, ಲೇಬಲ್ ಛಾಪಿಸಿಬಿಟ್ಟೇನಿ" ಎಂದ ಅವನು.

"ಯಾವ ಲೇಬಲ್?"

"ನೀವು ಹೇಳಿದ್ದನ್ನ ಬಾಟ್ಲಿ ಬೆನ್ನಿಗೆ ಹಾಕಿಸೇನ್ರಿ. 'ಲವಂಗದ ಸುಳಿವು, ಹಸಿರು ಖಾರ, ಸುಣ್ಣದ ಗಡಸು.' ಗಿರಾಕಿಗಳು ಫೋನ್ ಮಾಡಾಕತ್ತಾರ್ರಿ, ಲವಂಗ ಭಾಳ ಛಲೋ ಬಂದೈತಿ ಅಂತ! ಈಗ ನೀವ ಇಲ್ಲ ಅಂದ್ರ ನಾ ಯಾವ ಮುಖ ಇಟ್ಕೊಂಡು ಮೇಳದಾಗ ನಿಂದರ್ಲಿ? ಇದು ನನ್ನ ಮೊದಲನೇ ಮೇಳ ಐತ್ರಿ. ಹೆಂಗಾರ ಮಾಡಿ ಬರ್ರಿ."

ಹೋಗುವುದೆಂದು ನಿಶ್ಚಯಿಸಿದೆ. ಆದರೆ ಎಲೆ ಮುಟ್ಟದೆ, ತೊಳೆದ ಬಾಯಿಯಲ್ಲಿ ಹೋಗುವುದು. ನಾಲಿಗೆ ಹೇಳಿದ್ದನ್ನಷ್ಟೇ ಬರೆಯುವುದು. ಶಿಷ್ಯನ ಬಾಟಲಿಯಾದರೂ ಸರಿ, ನನ್ನ ಹೆಸರು ಹೋದರೂ ಸರಿ. ಎರಡು ದಿನ ಎಲೆಯಿಲ್ಲದೆ ಕಳೆದೆ. ಇದು ಎಂಥ ತ್ಯಾಗವೆಂಬುದು ಹಾವೇರಿ ಜಿಲ್ಲೆಯ ಹೊರಗಿನವರಿಗೆ ಅರ್ಥವಾಗಲಾರದು.

ಹುಬ್ಬಳ್ಳಿಯಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಸಾಲಾಗಿ ಬಾಟಲಿಗಳು. ಹೋಟೆಲಿನ ತಜ್ಞರು ನನ್ನ ಎಡಕ್ಕೆ ಕೂತರು. ಕೊರಳಿಗೆ ಬೋ ಟೈ ಕಟ್ಟಿದ್ದರು, ಮಾತು ಕಡಿಮೆ, ಮೂಗು ದೊಡ್ಡದು. ಆರು ಬಾಟಲಿಗಳನ್ನು ನಾನು ಸತ್ಯದ ದಾರಿಯಲ್ಲೇ ದಾಟಿದೆ. ದ್ರಾಕ್ಷಿ, ಹುಳಿ, ಒಗರು ಎಂದೇ ಆರು ಸಲ ಬರೆದೆ. ಏಳನೆಯದು ಚನ್ನವೀರನದು. ತಜ್ಞರು ಬಾಟಲಿಯನ್ನು ತಿರುಗಿಸಿ, ಚಾಳೀಸು ಏರಿಸಿ ಅದರ ಬೆನ್ನು ಓದಿದರು, ಚಾಳೀಸು ಇಳಿಸಿದರು, ಲೋಟಕ್ಕೆ ಮೂಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಗರ್ಭಗುಡಿಯಲ್ಲಿ ಮಾತಾಡುವ ದನಿಯಲ್ಲಿ, "ಲವಂಗ... ನಿಮಗೂ ಸಿಕ್ತಾ ಸಾರ್?" ಎಂದರು.

ನಾನು ಮೂಸಿದೆ. ಗುಟುಕರಿಸಿದೆ. ತೊಳೆದಿಟ್ಟ ಕರಿಹಲಗೆಯಂತಿದ್ದ ನನ್ನ ನಾಲಿಗೆಯ ಮೇಲೆ ದ್ರಾಕ್ಷಿ, ಹುಳಿ, ಒಗರು ಬಿಟ್ಟರೆ ಬೇರೆ ಅಕ್ಷರ ಮೂಡಲಿಲ್ಲ. ಎದುರಿನ ಕಂಬದ ಹತ್ತಿರ ಚನ್ನವೀರ ಹೊಸ ಅಂಗಿ ತೊಟ್ಟು, ಕೈ ಕಟ್ಟಿ ನಿಂತಿದ್ದ. ಅಷ್ಟು ದಪ್ಪ ಮೀಸೆಯ ಮನುಷ್ಯ, ತುಟಿ ಒಣಗಿ ನಾಲಿಗೆಯಿಂದ ಸವರಿಕೊಳ್ಳುತ್ತಿದ್ದ. ನನ್ನ ಪೆನ್ನು ಕಾಗದದ ಮೇಲೆ ನಿಂತಿತು. ಮುಂದಕ್ಕೆ ಹೋಗಲಿಲ್ಲ.

ಪರೀಕ್ಷಾ ಕೋಣೆಗಳಲ್ಲಿ ಮೂವತ್ನಾಲ್ಕು ವರ್ಷ ಪಹರೆ ತಿರುಗಿದವನು ನಾನು. ನಕಲು ಮಾಡುವವನ ಕಣ್ಣು ಮೊದಲು ತಿರುಗುತ್ತದೆ, ಕೊರಳು ಆಮೇಲೆ. ಪೆನ್ನು ಅವನ ಕೈಯಿಂದ ಆಗಲೇ ಜಾರಿ ಬೀಳುತ್ತದೆ. ಎತ್ತಿಕೊಳ್ಳಲು ಅವನು ಪಕ್ಕದವನ ಕಡೆಗೇ ಬಾಗುತ್ತಾನೆ. ಈ ಶಾಸ್ತ್ರವನ್ನೆಲ್ಲ ಬಲ್ಲ ನಾನು ಪೆನ್ನು ಬೀಳಿಸಿದೆ, ಎಡಕ್ಕೆ ಬಾಗಿದೆ, ಏಳುವಾಗ ತಜ್ಞರ ಹಾಳೆಯನ್ನು ಓದಿದೆ. ಅವರು ಬಾಟಲಿ ನೋಡಿ ಬರೆದಿದ್ದರು. ಬಾಟಲಿ ನನ್ನನ್ನು ನೋಡಿ ಬರೆದಿತ್ತು. ಹೀಗೆ ಅರವತ್ನಾಲ್ಕನೆಯ ವಯಸ್ಸಿನಲ್ಲಿ ಜೀವನದ ಮೊದಲ ನಕಲು ಹೊಡೆದೆ; ಹೊಡೆದದ್ದು ನನ್ನದೇ ತಪ್ಪು ಉತ್ತರವನ್ನು. ಆದರೂ ಒಂದು ಮಾತನ್ನು ಹೆಮ್ಮೆಯಿಂದ ಹೇಳುತ್ತೇನೆ. ಅಷ್ಟು ದೊಡ್ಡ ತಜ್ಞರು ಲವಂಗವೊಂದನ್ನೇ ಬರೆದಿದ್ದರು. ನಾನು ಖಾರವನ್ನೂ ಸುಣ್ಣವನ್ನೂ ಬಿಡದೆ, ಉತ್ತರವನ್ನು ಪೂರ್ತಿ ಬರೆದೆ.