ಹಣೆಯೋ ಹುಬ್ಬೋ

ಎತ್ತಿನ ಹಣೆಯ ಮೇಲೆ ಸುಳಿ ಇದ್ದರೆ ಮನೆಗೆ ಲಕ್ಷ್ಮಿ. ಹುಬ್ಬಿನ ಮೇಲೆ ಇದ್ದರೆ ಯಜಮಾನನಿಗೆ ಸಾವು. ನಮ್ಮ ಕಡೆ ಇದನ್ನು ಒಪ್ಪದವನು ನಾನೊಬ್ಬನೇ. ಪಶುವೈದ್ಯನಾದ್ದರಿಂದ ಇಂಥ ಜಗಳಗಳೆಲ್ಲ ನನ್ನ ಬಾಗಿಲಿಗೇ ಬರುತ್ತವೆ.

೧. ಸಿರುಗುಪ್ಪ

ಕುರುಗೋಡಿನ ರೈತನೊಬ್ಬ ಕೆಂಚನಗುಡ್ಡದವನಿಂದ ಎತ್ತು ಕೊಂಡಿದ್ದ. ಕೆಲವೇ ವಾರಗಳಲ್ಲಿ ಅದನ್ನು ಗಾಡಿಗೆ ಹೇರಿಕೊಂಡು ಹಿಂದಿರುಗಿಸಲು ಬಂದ; ಮಾರಿದವ ಒಪ್ಪದೆ ಇಬ್ಬರೂ ನನ್ನ ಆಸ್ಪತ್ರೆಗೆ ಬಂದರು. ಎತ್ತಿನ ಎಡಗಣ್ಣಿನ ಮೇಲೆ ಕೂದಲು ಸುತ್ತಿಕೊಂಡಿತ್ತು. ಅದನ್ನು ಕಂಡಾಗಿನಿಂದ ಅವನ ತಾಯಿ ಮಗ ಸಾಯುತ್ತಾನೆಂದು ಊಟ ಬಿಟ್ಟು, ಬರೀ ಚಹಾ ಕುಡಿಯುತ್ತ ಕೂತಿದ್ದಳು.

"ಕೊಡುವಾಗ ಇದ್ದಿಲ್ಲರಿ," ಎಂದ ಮಾರಿದವ.

"ಎಣ್ಣಿ ಹಚ್ಚಿ ತೀಡಿಟ್ಟಿದ್ದಿ ಲೇ!" ಎಂದ ಕೊಂಡವ.

"ಹೋಗ್ಲಿ ಬಿಡು, ಅದು ಹುಬ್ಬಲ್ಲ, ಹಣಿ. ಡಾಕ್ಟರನ್ನ ಕೇಳು."

ಎತ್ತಿಗೆ ನಮ್ಮ ಹಾಗೆ ಹುಬ್ಬು ಇರುವುದಿಲ್ಲ, ಅದು ಕಣ್ಣುಗುಳಿಯ ಮೇಲಂಚು, ಪುಸ್ತಕದಲ್ಲಿ ಸುಪ್ರಾಆರ್ಬಿಟಲ್ ಭಾಗ ಎನ್ನುತ್ತಾರೆ ಎಂದು ವಿವರಿಸಿದೆ. ಇಬ್ಬರೂ ಗಂಭೀರವಾಗಿ ಕೇಳಿದರು.

"ಆ ಸುಪ್ರಾದ ಮ್ಯಾಲ ಸುಳಿ ಬಂದ್ರ ಯಾರು ಸಾಯ್ತಾರ್ರಿ?" ಎಂದ ಕೊಂಡವ.

೨. ಬ್ರೂಸ್‌ಪೇಟೆ

ನನ್ನ ಓದಿನ ಮೇಲೆ ಇಬ್ಬರಿಗೂ ನಂಬಿಕೆ ಹೋಯಿತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಎತ್ತಿನ ಹಗ್ಗ, ಗೆಜ್ಜೆ, ಹಣೆಪಟ್ಟಿ ಮಾರುವ ಸಾಹೇಬರು ಹೇಳಿದಂತೆ ಆಗಲಿ ಎಂದು ಒಪ್ಪಿಕೊಂಡರು. ಔಷಧಿ ತರಲು ಹೊರಟಿದ್ದ ನನ್ನನ್ನೂ ಸಾಕ್ಷಿಗೆಂದು ಎಳೆದುಕೊಂಡು ಹೋದರು.

ಸಾಹೇಬರು ಮೊಬೈಲಿನಲ್ಲಿ ಎತ್ತಿನ ಮುಖ ನೋಡಿದರು. "ಸೀದಾ ಐತಿ ನೋಡಪಾ. ಹಣೆಪಟ್ಟಿ ಎಲ್ಲೀತನಕ ಮುಚ್ಚತೈತೋ ಅಲ್ಲೀತನಕ ಹಣಿ. ಅದರ ಕೆಳಗ ಹುಬ್ಬು."

ನಮ್ಮ ಕಾಲೇಜಿನಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಕಲಿಸಿರಲಿಲ್ಲ.

ಕೊಂಡವ ಯೋಚಿಸಿ ಹೇಳಿದ: "ಹಂಗಾರ ಅಗಲ ಇರೋದೊಂದು ಕೊಡ್ರಿ ಸಾಹೇಬ್ರ."

೩. ಕುರುಗೋಡು

ಎತ್ತು ಕಣ್ಣಿನವರೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಹೋಯಿತು. "ಪಟ್ಟಿ ಕಟ್ಟಿದ್ರ ಯಮಗ ಕಾಣಂಗಿಲ್ಲೇನು?" ಎಂದಳಂತೆ ತಾಯಿ. ಈಗ ಚಹಾವನ್ನೂ ಬಿಟ್ಟಳು.

ಮಗ ಹೆದರಿ ನನ್ನನ್ನು ಕರೆಸಿದ. "ಅದನ್ನ ಕೊಯ್ದು ತೆಗೀರಿ ಡಾಕ್ಟರ್ರ."

"ಏನನ್ನ?"

"ಸುಪ್ರಾನ್ನ."

 ಕೊಟ್ಟಿಗೆಗೆ ಹೋಗಿ ಪಟ್ಟಿ ಬಿಚ್ಚಿದೆ. ಹಿಂದೆಯೇ ತಾಯಿ, ಅವಳ ಹಿಂದೆ ಅರ್ಧ ಓಣಿ. ಎಡಕ್ಕೆ ಕಟ್ಟಿದ್ದ ಮುದಿ ಎತ್ತು, ತಾಯಿಯೇ ಕರುವಾಗಿದ್ದಾಗಿನಿಂದ ಸಾಕಿದ್ದು, ಇದಕ್ಕೇ ಕಾದಿತ್ತೆಂಬಂತೆ ಕುತ್ತಿಗೆ ಚಾಚಿ ಹೊಸ ಎತ್ತಿನ ಎಡಗಣ್ಣಿನ ಮೇಲೆ ನಾಲಿಗೆ ಇಟ್ಟಿತು. ಸುತ್ತಿ ಸುತ್ತಿ ನೆಕ್ಕಿತು; ಅಲ್ಲಿನ ಕೂದಲು ಸುಳಿಯಂತೆ ಸುತ್ತಿಕೊಂಡಿತು. ಹೊಸ ಎತ್ತು ಕಣ್ಣು ಮುಚ್ಚಿ ಸುಖವಾಗಿ ನಿಂತಿತು. ಓಣಿಯೆಲ್ಲ ಬಾಯಿ ಬಿಟ್ಟು ನೋಡಿತು.

"ಊಟ ಮಾಡ್ರಿ ಅವ್ವಾ," ಎಂದೆ. "ಅದು ಸುಳಿ ಅಲ್ಲ, ನಿಮ್ಮ ಎತ್ತಿನ ಎಂಜಲು."